ದೇಹದ ತುಕ್ಕೂ ಗುಳಿಗೆಯ ಭರವಸೆಯೂ

(ಬೆಂಗಳೂರು ದಂಡಿನ ಬೆನ್ಸನ್ ಟೌನಿನಲ್ಲಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

 

ಕಾಯವು ಕೆಟ್ಟರೆ ಕಾಯಕವು ನಿಲ್ಲುವುದು. ಕಾಯಕವು ನಿಂತರೆ ದಾಸೋಹವೂ ನಿಲ್ಲುವುದು. ಆದಕಾರಣ ಶರೀರರಕ್ಷಣೆಯ ವಿಚಾರವು ಮಠದ ಸಭೆಗೆ ಹೊರತಾದುದಲ್ಲ. ಅದರಲ್ಲಿಯೂ ಇಂದು ಎತ್ತಿಕೊಂಡಿರುವ ವಿಷಯವು ಪ್ರತಿಯೊಂದು ಮನೆಯ ಬಾಗಿಲಿಗೂ ಬಂದು ನಿಂತಿರತಕ್ಕದ್ದು. ಬೆನ್ಸನ್ ಟೌನಿನಂತಹ ಬಡಾವಣೆಗಳ ಔಷಧದ ಅಂಗಡಿಗಳಲ್ಲಿ ರೋಗಿಗಳಿಗೆ ಬೇಕಾದ ಮದ್ದುಗಳ ಪಕ್ಕದಲ್ಲಿಯೇ, ರೋಗವಿಲ್ಲದವರಿಗೂ ಬೇಕೆಂದು ಹೇಳುವ ಡಬ್ಬಿಗಳು ಸಾಲಾಗಿ ಕುಳಿತಿರುತ್ತವೆ. ಅರಿಸಿನದ ಸತ್ತ್ವ, ನೆಲ್ಲಿಯ ಸತ್ತ್ವ, ಹಸಿರು ಚಹದ ಸತ್ತ್ವ, ದ್ರಾಕ್ಷಿಬೀಜದ ಸತ್ತ್ವ ಎಂದು ಅವುಗಳಿಗೆ ನಾನಾ ನಾಮಗಳು. ಆದರೆ ಅವುಗಳ ಮೇಲಿನ ಹೊಗಳಿಕೆಯು ಮಾತ್ರ ಒಂದೇ: ಇವು ಉತ್ಕರ್ಷಣ ನಿರೋಧಕಗಳು, ಇವು ದೇಹಕ್ಕೆ ಹಿಡಿಯುವ ತುಕ್ಕನ್ನು ತಡೆಯುತ್ತವೆ, ಮುಪ್ಪನ್ನು ಮುಂದೂಡುತ್ತವೆ, ಎಂಬುದಾಗಿ. ಗಿಡಮೂಲಿಕೆಯಿಂದ ಬಂದುದಾದ್ದರಿಂದ ಕೆಡುಕೇನೂ ಆಗದೆಂಬ ನಂಬಿಕೆಯೂ ಇದಕ್ಕೆ ಬೆಂಬಲವಾಗಿದೆ.

ಈ ಮಾತಿನಲ್ಲಿ ಸತ್ಯವೆಷ್ಟು? ಆಸೆಯೆಷ್ಟು? ಇದನ್ನು ವಿಚಾರಿಸುವುದೇ ಈ ಉಪನ್ಯಾಸದ ಉದ್ದೇಶವು.

ಮೊದಲು ತುಕ್ಕೆಂಬುದರ ಅರ್ಥವನ್ನು ತಿಳಿಯಬೇಕು. ಕಬ್ಬಿಣವು ಗಾಳಿ ನೀರುಗಳ ಸಂಗದಿಂದ ತುಕ್ಕು ಹಿಡಿಯುವುದನ್ನು ಎಲ್ಲರೂ ಬಲ್ಲರು. ಗಾಳಿಯಲ್ಲಿರುವ ಆಮ್ಲಜನಕವು ಲೋಹದೊಡನೆ ಕೂಡುವ ಈ ಕ್ರಿಯೆಗೆ ಉತ್ಕರ್ಷಣವೆಂದು ಹೆಸರು. ಉಂಡ ಅನ್ನವು ದೇಹದೊಳಗೆ ಶಕ್ತಿಯಾಗಿ ಪರಿಣಮಿಸುವುದೂ ಇದೇ ಆಮ್ಲಜನಕದ ನೆರವಿನಿಂದಲೇ. ಒಲೆಯು ಉರಿದಾಗ ಕಿಡಿಗಳು ಹಾರುವಂತೆ, ಜೀವಕೋಶದೊಳಗಿನ ಈ ಕ್ರಿಯೆಯಲ್ಲಿಯೂ ಕೆಲವು ಕಿಡಿಗಳು ಏಳುತ್ತವೆ. ಇವನ್ನು ಶಾಸ್ತ್ರಜ್ಞರು ಫ್ರೀ ರ‍್ಯಾಡಿಕಲ್‌ಗಳೆಂದು ಕರೆಯುವರು. ಜೊತೆಯಿಲ್ಲದ ಒಂದು ಎಲೆಕ್ಟ್ರಾನು ಇವುಗಳಲ್ಲಿರುವುದರಿಂದ, ಇವುಗಳಲ್ಲಿ ಹಲವು ನೆರೆಯ ಕಣಗಳಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ಹವಣಿಸುತ್ತವೆ. ಕಿತ್ತುಕೊಳ್ಳಲ್ಪಟ್ಟದ್ದು ಜೀವಕೋಶದ ಪೊರೆಯಾಗಲಿ, ಅದರೊಳಗಿನ ಬೀಜಸೂತ್ರವಾಗಲಿ ಆದ ಪಕ್ಷದಲ್ಲಿ ಅದಕ್ಕೆ ಗಾಯವಾಗುವುದು. ಕಿಡಿಗಳು ಹೆಚ್ಚಾಗಿ, ಅವನ್ನು ಆರಿಸುವ ಶಕ್ತಿಯು ಕಡಮೆಯಾದ ಸ್ಥಿತಿಗೆ ಉತ್ಕರ್ಷಣ ಒತ್ತಡವೆಂದು ಹೆಸರು. ಈ ಗಾಯಗಳು ಕೂಡುತ್ತ ಹೋಗುವುದೇ ಮುಪ್ಪಿಗೆ ಕಾರಣವಾಗಿರಬಹುದೆಂದು 1956ರಲ್ಲಿ ಅಮೆರಿಕದ ಡೆನ್ಹಮ್ ಹಾರ್ಮನ್ ಎಂಬ ಪಂಡಿತನು ಪ್ರತಿಪಾದಿಸಿದನು. ಡಬ್ಬಿಗಳ ಮೇಲಿನ ಹೊಗಳಿಕೆಯ ಬೇರು ಇಲ್ಲಿಯದು.

ಆದರೆ ಕಥೆಯು ಇಲ್ಲಿಗೆ ಮುಗಿಯಲಿಲ್ಲ. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಎಂಬಿಬ್ಬರು ಶಾಸ್ತ್ರಜ್ಞರು, ಈ ಕಿಡಿಗಳನ್ನು ಆರಿಸುವ ಕಿಣ್ವವೊಂದು ದೇಹದಲ್ಲಿಯೇ ಇರುವುದೆಂದು ತೋರಿಸಿದರು. ಅದಕ್ಕೆ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂದು ಹೆಸರು. ಕ್ಯಾಟಲೇಸ್, ಗ್ಲುಟಾಥಯೋನ್ ಮುಂತಾದ ಬೇರೆ ಕಾವಲುಗಾರರೂ ಉಂಟು. ಎಂದಮೇಲೆ ದೇಹವು ಕಾವಲಿಲ್ಲದ ಮನೆಯಲ್ಲ. ಹೊರಗಿನಿಂದ ಗುಳಿಗೆಯು ಬಂದ ಮೇಲೆಯೇ ಅದಕ್ಕೆ ರಕ್ಷಣೆಯೆಂಬುದು ಸರಿಯಲ್ಲ.

ಮತ್ತೊಂದು ಸಂಗತಿಯು ಇನ್ನೂ ಮುಖ್ಯವಾದುದು. ಈ ಕಿಡಿಗಳು ಕೇವಲ ಶತ್ರುಗಳಲ್ಲ. ರಕ್ತದಲ್ಲಿರುವ ಬಿಳಿಯ ಕಣಗಳು ರೋಗಾಣುಗಳನ್ನು ನುಂಗಿ, ಇವೇ ಕಿಡಿಗಳನ್ನು ಎಬ್ಬಿಸಿ ಅವನ್ನು ಕೊಲ್ಲುತ್ತವೆ. ಹುಟ್ಟಿನಿಂದಲೇ ಈ ಶಕ್ತಿಯನ್ನು ಪಡೆಯದ ಮಕ್ಕಳು ಪದೇ ಪದೇ ಘೋರವಾದ ಸೋಂಕುಗಳಿಗೆ ತುತ್ತಾಗುವರು. ಇದಲ್ಲದೆ, ವ್ಯಾಯಾಮದಿಂದ ದೇಹವು ಗಟ್ಟಿಗೊಳ್ಳುವುದಕ್ಕೂ ಇವು ಸಂದೇಶವಾಹಕಗಳು. ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತರುಣರಿಂದ 4 ವಾರಗಳ ವ್ಯಾಯಾಮವನ್ನು ಮಾಡಿಸಲಾಯಿತು. ಕೆಲವರಿಗೆ ದಿನವೂ 1000 ಮಿಲಿಗ್ರಾಂ ಸಿ ಜೀವಸತ್ತ್ವವನ್ನೂ ಅದರೊಡನೆ ಇ ಜೀವಸತ್ತ್ವವನ್ನೂ ಕೊಡಲಾಯಿತು, ಉಳಿದವರಿಗೆ ಕೊಡಲಿಲ್ಲ. ಗುಳಿಗೆ ನುಂಗದವರಲ್ಲಿ, ಸಕ್ಕರೆಯನ್ನು ಹತೋಟಿಯಲ್ಲಿಡುವ ದೇಹದ ಶಕ್ತಿಯು ವ್ಯಾಯಾಮದ ಫಲವಾಗಿ ಹೆಚ್ಚಿತು. ನುಂಗಿದವರಲ್ಲಿ ಆ ಫಲವು ಕಾಣಲಿಲ್ಲ. ಜಯಮಹಲಿನ ಉದ್ಯಾನದಲ್ಲಿ ಪ್ರಾತಃಕಾಲ ಬೆವರು ಸುರಿಸಿ ನಡೆದು, ಮನೆಗೆ ಬಂದೊಡನೆ ಇಂತಹ ಗುಳಿಗೆಯನ್ನು ನುಂಗುವ ಮಹನೀಯರು ಈ ಪರೀಕ್ಷೆಯನ್ನು ಸ್ವಲ್ಪ ಆಲೋಚಿಸುವುದು ಒಳ್ಳೆಯದು. ಒಲೆಯ ಕಿಡಿಗೆ ಹೆದರಿ ಒಲೆಯ ಮೇಲೆಯೇ ನೀರು ಸುರಿದರೆ ಅಡಿಗೆಯಾಗುವುದೆಂತು?

ಇನ್ನು ಗಿಡಮೂಲಿಕೆಯ ಸತ್ತ್ವಗಳ ವಿಚಾರ. ಇದಕ್ಕೆ ದೂರ ಹೋಗಬೇಕಾದುದಿಲ್ಲ. ಬೆಂಗಳೂರಿನಲ್ಲಿಯೇ ಜಗತ್ಪ್ರಸಿದ್ಧವಾದ ದೃಷ್ಟಾಂತವೊಂದು ಉಂಟು. ಅರಿಸಿನಕ್ಕೆ ಹಳದಿಯ ಬಣ್ಣವನ್ನು ಕೊಡುವ ಕರ್ಕ್ಯುಮಿನ್ ಎಂಬ ವಸ್ತುವು ಪ್ರಯೋಗಶಾಲೆಯ ಗಾಜಿನ ಕೊಳವೆಯಲ್ಲಿ ಕಿಡಿಗಳನ್ನು ಚೆನ್ನಾಗಿ ಆರಿಸುವುದು. ಆದರೆ ಮನುಷ್ಯನು ನುಂಗಿದರೆ ಅದು ರಕ್ತವನ್ನು ಸೇರುವುದೇ ದುರ್ಲಭ. ಕರುಳೂ ಯಕೃತ್ತೂ ಅದನ್ನು ಬೇಗನೆ ಮಾರ್ಪಡಿಸಿ ಹೊರಗೆ ಹಾಕುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಕುರಿತು ಪ್ರಯೋಗವನ್ನು ಮಾಡಿ, 1998ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಆರೋಗ್ಯವಂತರಾದ ಮನುಷ್ಯರಿಗೆ 2 ಗ್ರಾಂ ಕರ್ಕ್ಯುಮಿನ್ನನ್ನು ಮಾತ್ರ ಕೊಟ್ಟಾಗ, ರಕ್ತದಲ್ಲಿ ಅದು ಕಾಣಲೇ ಇಲ್ಲ, ಅಥವಾ ಅತ್ಯಲ್ಪವಾಗಿ ಕಂಡಿತು. ಅದರೊಡನೆ ಕರಿಮೆಣಸಿನ ಸತ್ತ್ವವಾದ ಪೈಪರೀನನ್ನು 20 ಮಿಲಿಗ್ರಾಮಿನಷ್ಟು ಸೇರಿಸಿ ಕೊಟ್ಟಾಗ, ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಪ್ರಮಾಣವು ಬಹಳವಾಗಿ ಏರಿತು. ಲಭ್ಯತೆಯು ಶೇಕಡಾ 2000ದಷ್ಟು ಹೆಚ್ಚಿತೆಂದು ಲೆಕ್ಕ. ಇಲಿಗಳಲ್ಲಿ ಈ ಹೆಚ್ಚಳವು ಶೇಕಡಾ 154 ಮಾತ್ರ. ಆ ಪ್ರಯೋಗದಲ್ಲಿ ಯಾರಿಗೂ ತೊಂದರೆಯಾಗಲಿಲ್ಲವೆಂದೂ ವರದಿಯಾಯಿತು.

ಈ ಪ್ರಯೋಗವು ಸಣ್ಣದಾದರೂ ಇದರ ಕೀರ್ತಿಯು ದೇಶದೇಶಗಳಿಗೆ ಹರಡಿತು. ಇಂದು ಅರಿಸಿನದ ಸತ್ತ್ವಕ್ಕೆ ಮೆಣಸಿನ ಸತ್ತ್ವವನ್ನು ಕೂಡಿಸಿದ ಗುಳಿಗೆಗಳು ಲೋಕದಲ್ಲೆಲ್ಲ ಮಾರಾಟವಾಗುತ್ತವೆ. ಬೆಂಗಳೂರಿನ ವಿದ್ವಾಂಸರ ಕೆಲಸವು ಗೌರವಕ್ಕೆ ಪಾತ್ರವಾದುದೇ ಸರಿ. ಆದರೆ ಅದು ಉತ್ತರ ಕೊಟ್ಟ ಪ್ರಶ್ನೆ ಯಾವುದೆಂಬುದನ್ನು ಮರೆಯಬಾರದು. ವಸ್ತುವು ರಕ್ತವನ್ನು ಸೇರುವುದೋ ಎಂಬುದು ಅವರ ಪ್ರಶ್ನೆ. ರೋಗವು ವಾಸಿಯಾಗುವುದೋ, ಆಯುಷ್ಯವು ಹೆಚ್ಚುವುದೋ ಎಂಬುದು ಬೇರೆಯ ಪ್ರಶ್ನೆ. ಅತಿಥಿಯು ಹೊಸ್ತಿಲನ್ನು ದಾಟಿದನೆಂಬ ಮಾತ್ರಕ್ಕೆ ಅವನು ಮನೆಗೆ ಉಪಕಾರ ಮಾಡಿದನೆಂದು ಹೇಳಬರುವುದಿಲ್ಲ. ಹಾಗೂ ಏನೂ ಇಲ್ಲವೆಂಬಷ್ಟರ ಇಪ್ಪತ್ತು ಪಟ್ಟು ಸಹ ಬಹಳ ದೊಡ್ಡದಲ್ಲ.

ಇಲ್ಲಿ ಅಡಿಗೆಮನೆಯ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಅರಿಸಿನದ ಪುಡಿಯ ನೂರು ಭಾಗದಲ್ಲಿ ಕರ್ಕ್ಯುಮಿನ್ ಸುಮಾರು 3 ಭಾಗ. ಒಂದು ಗ್ರಾಂ ಅರಿಸಿನವನ್ನು ಸಾರಿಗೆ ಹಾಕಿದರೆ ಸುಮಾರು 30 ಮಿಲಿಗ್ರಾಂ ಕರ್ಕ್ಯುಮಿನ್ ಆಯಿತು. ಅದೂ ಮನೆಮಂದಿಯಲ್ಲಿ ಹಂಚಿಹೋಗುವುದು. ಪ್ರಯೋಗದಲ್ಲಿ ಕೊಟ್ಟ 2 ಗ್ರಾಮಿಗೆ ಸಮನಾಗಬೇಕಾದರೆ ಒಬ್ಬನೇ ಒಂದೇ ಸಲಕ್ಕೆ 60 ಗ್ರಾಮಿಗೂ ಹೆಚ್ಚು ಅರಿಸಿನವನ್ನು ತಿನ್ನಬೇಕು. ಆಹಾರದಲ್ಲಿ ಬೆರೆಯುವ ವಸ್ತುಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞರ ಸಮಿತಿಯು, ದೇಹತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ 3 ಮಿಲಿಗ್ರಾಂವರೆಗೆ ಕರ್ಕ್ಯುಮಿನ್ ಸಮ್ಮತವೆಂದಿದೆ. ಅಂದರೆ 60 ಕಿಲೋ ತೂಕದವರಿಗೆ 180 ಮಿಲಿಗ್ರಾಂ. ಆದುದರಿಂದ ಅಜ್ಜಿಯರ ಕಾಲದಿಂದಲೂ ಅರಿಸಿನವನ್ನು ತಿಂದುಬಂದಿದ್ದೇವೆ, ಗುಳಿಗೆಯಿಂದೇನಾದೀತು ಎಂಬ ವಾದವು ನಿಲ್ಲತಕ್ಕದ್ದಲ್ಲ. ಅಜ್ಜಿಯರು ತಿಂದದ್ದು ಚಿಟಿಕೆ; ಡಬ್ಬಿಯಲ್ಲಿರುವುದು ಹಿಡಿ. ಮೆಣಸಿನ ಸಾರಿಗೆ ಯಾರೂ ಅಂಜಬೇಕಾದುದಿಲ್ಲ. ಅಂಜಿಕೆಯು ಪ್ರಮಾಣಕ್ಕೆ ಸಂಬಂಧಿಸಿದ್ದು.

ಮೆಣಸಿನ ಸತ್ತ್ವವು ಅರಿಸಿನವನ್ನು ಒಳಗೆ ಬಿಡುವುದು ಹೇಗೆ? ಹೊರಗಿನ ವಸ್ತುಗಳನ್ನು ಮಾರ್ಪಡಿಸಿ ಹೊರಗೆ ಹಾಕುವ ಯಕೃತ್ತಿನ ಮತ್ತು ಕರುಳಿನ ಕಿಣ್ವಗಳನ್ನು ಅದು ತಡೆಯುವುದರಿಂದ. ಕಾವಲುಗಾರನನ್ನು ಪಕ್ಕಕ್ಕೆ ಸರಿಸಿದ ಬಾಗಿಲಿನಲ್ಲಿ ಒಬ್ಬನೇ ಒಳಗೆ ಬರುವನೆಂಬ ನಿಯಮವಿಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಇವುಗಳ ಪ್ರಮಾಣವೂ ಪೈಪರೀನಿನಿಂದ ರಕ್ತದಲ್ಲಿ ಏರುವುದೆಂದು ಭಾರತದ ಶಾಸ್ತ್ರಜ್ಞರೇ ಬಹಳ ಹಿಂದೆ ತೋರಿಸಿದ್ದಾರೆ. ರಕ್ತವು ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿದ್ದ ರೋಗಿಯೊಬ್ಬರು ಅರಿಸಿನದ ಸತ್ತ್ವವನ್ನು ಆರಂಭಿಸಿದ ಮೇಲೆ ಅವರ ರಕ್ತವು ಅಪಾಯಕರವಾಗುವಷ್ಟು ತೆಳುವಾಯಿತೆಂದು, 2018ರಲ್ಲಿ ನ್ಯೂಜಿಲೆಂಡಿನ ಔಷಧ ಇಲಾಖೆಯು ಎಚ್ಚರಿಕೆಯನ್ನು ಹೊರಡಿಸಿತು.

ಯಕೃತ್ತಿಗಾಗುವ ಕೇಡು ಇದಕ್ಕಿಂತಲೂ ಘೋರವಾದುದು. ಅಮೆರಿಕದಲ್ಲಿ, ಔಷಧಗಳಿಂದ ಯಕೃತ್ತು ಕೆಟ್ಟವರ ವೃತ್ತಾಂತಗಳನ್ನು ಸಂಗ್ರಹಿಸುವ ವೈದ್ಯರ ಕೂಟವು, ಅರಿಸಿನದ ಸತ್ತ್ವದಿಂದ ಕಾಮಾಲೆ ಮುಂತಾದುವುಗಳಿಗೆ ತುತ್ತಾದ 10 ಮಂದಿಯ ವಿವರಗಳನ್ನು 2022ರಲ್ಲಿ ಪ್ರಕಟಿಸಿತು. ಅವರಲ್ಲಿ 5 ಮಂದಿ ಆಸ್ಪತ್ರೆಗೆ ಸೇರಬೇಕಾಯಿತು. ಒಬ್ಬರು ಮರಣ ಹೊಂದಿದರು. ಪರೀಕ್ಷಿಸಿದ ಗುಳಿಗೆಗಳಲ್ಲಿ ಕೆಲವು ಮೆಣಸಿನ ಸತ್ತ್ವವನ್ನೂ ಒಳಗೊಂಡಿದ್ದವು. ರೋಗಿಗಳಲ್ಲಿ ಬಹುಮಂದಿಗೆ ಒಂದು ಬಗೆಯ ವಂಶವಾಹಿಯು ಸಮಾನವಾಗಿದ್ದುದು ಕಂಡುಬಂತು. ಇಂತಹ ಕೇಡು ಅಪರೂಪವೆಂಬುದು ನಿಜ; ಲಕ್ಷಾಂತರ ಮಂದಿ ನುಂಗಿ ಸುಮ್ಮನಿರುವರು. ಆದರೆ ಯಾರ ದೇಹವು ಆ ಬಗೆಯದೆಂದು ಡಬ್ಬಿಯನ್ನು ನೋಡಿ ಹೇಳಬರುವುದಿಲ್ಲ. ಲಾಭವು ಸಿದ್ಧವಾಗಿಲ್ಲದ ಕಡೆ ಅಪರೂಪದ ಕೇಡೂ ದುಬಾರಿಯೇ.

ಇದಕ್ಕೆ ಹಿಂದೆಯೇ ಲೋಕವು ಕಲಿತ ದೊಡ್ಡ ಪಾಠವೊಂದು ಉಂಟು. ಹಳದಿ ಮತ್ತು ಹಸಿರು ತರಕಾರಿಗಳನ್ನು ಧಾರಾಳವಾಗಿ ತಿನ್ನುವವರಲ್ಲಿ ಶ್ವಾಸಕೋಶದ ಅರ್ಬುದ ರೋಗವು ಕಡಮೆಯೆಂಬುದನ್ನು ಪಂಡಿತರು ಗಮನಿಸಿದ್ದರು. ಗಜ್ಜರಿಗೆ ಬಣ್ಣವನ್ನು ಕೊಡುವ ಬೀಟಾ ಕ್ಯಾರೋಟಿನ್ ಎಂಬ ವಸ್ತುವೇ ಇದಕ್ಕೆ ಕಾರಣವಾಗಿರಬೇಕೆಂದು ಊಹಿಸಿ, ಅದನ್ನು ಗುಳಿಗೆಯಾಗಿ ಮಾಡಿ, ಫಿನ್ಲೆಂಡ್ ದೇಶದಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ಪರೀಕ್ಷೆಯನ್ನು ನಡೆಸಿದರು. 1994ರಲ್ಲಿ ಫಲವು ಹೊರಬಿದ್ದಿತು. ಗುಳಿಗೆ ನುಂಗಿದವರಲ್ಲಿ ಆ ರೋಗವು ಕಡಮೆಯಾಗುವುದಿರಲಿ, ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳೂ ಕಲ್ನಾರಿನ ಕೆಲಸಗಾರರೂ ಸೇರಿ 18,314 ಮಂದಿಯ ಮೇಲೆ ನಡೆಯುತ್ತಿದ್ದ ಅಂತಹುದೇ ಪರೀಕ್ಷೆಯನ್ನು, ಇದೇ ಕೇಡು ಕಂಡುಬಂದುದರಿಂದ, 1996ರ ಜನವರಿಯಲ್ಲಿ ಅವಧಿಗೆ 21 ತಿಂಗಳು ಮುಂಚಿತವಾಗಿಯೇ ನಿಲ್ಲಿಸಬೇಕಾಯಿತು. ಗಜ್ಜರಿಯು ಮಾಡದ ಕೇಡನ್ನು ಗಜ್ಜರಿಯ ಸತ್ತ್ವವು ಮಾಡಿತು!

ಮುಂದೆ 2012ರಲ್ಲಿ ಕಾಕ್ರೇನ್ ಸಂಸ್ಥೆಯವರು 78 ಪರೀಕ್ಷೆಗಳನ್ನು, ಅಂದರೆ 2,96,707 ಮಂದಿಯ ವೃತ್ತಾಂತವನ್ನು, ಒಟ್ಟುಗೂಡಿಸಿ ನೋಡಿದರು. ಬೀಟಾ ಕ್ಯಾರೋಟಿನ್, ಎ, ಸಿ ಮತ್ತು ಇ ಜೀವಸತ್ತ್ವಗಳು, ಸೆಲೆನಿಯಂ ಇವುಗಳ ಗುಳಿಗೆಗಳಿಂದ ಆಯುಷ್ಯವು ಹೆಚ್ಚಿದುದಕ್ಕೆ ಆಧಾರವು ದೊರೆಯಲಿಲ್ಲ. ಬೀಟಾ ಕ್ಯಾರೋಟಿನ್ ಮತ್ತು ಇ ಜೀವಸತ್ತ್ವಗಳು ಮರಣವನ್ನು ಸ್ವಲ್ಪ ಹೆಚ್ಚಿಸುವಂತೆಯೇ ಕಂಡವು. ಅದೇ ವರ್ಷ ಅಮೆರಿಕದ ಕೃಷಿ ಇಲಾಖೆಯು, ಯಾವ ಹಣ್ಣಿನಲ್ಲಿ ಕಿಡಿ ಆರಿಸುವ ಶಕ್ತಿ ಎಷ್ಟೆಂದು ಅಂಕಗಳಲ್ಲಿ ತೋರಿಸುವ ತನ್ನ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಗಾಜಿನ ಕೊಳವೆಯಲ್ಲಿ ಅಳೆದ ಅಂಕಕ್ಕೂ ಮನುಷ್ಯದೇಹದಲ್ಲಿ ಆಗುವ ಫಲಕ್ಕೂ ಸಂಬಂಧವು ಸಿದ್ಧವಾಗಿಲ್ಲವೆಂಬುದೂ, ವ್ಯಾಪಾರಿಗಳು ಆ ಅಂಕಗಳನ್ನು ದುರುಪಯೋಗಪಡಿಸಿಕೊಳ್ಳುವರೆಂಬುದೂ ಅದಕ್ಕೆ ಕಾರಣಗಳು.

ಹಾಗಾದರೆ ಸಸ್ಯದ ಸತ್ತ್ವಗಳೆಲ್ಲವೂ ವ್ಯರ್ಥವೋ? ಹಾಗೆನ್ನುವುದು ಅನ್ಯಾಯವಾದೀತು. ಕರ್ನಾಟಕದ ಹೊಲದಲ್ಲಿ ಬೆಳೆಯುವ ಹೂವೊಂದೇ ಇದಕ್ಕೆ ಸಾಕ್ಷಿ. ಗುಂಡ್ಲುಪೇಟೆಯ ಸುತ್ತಿನಲ್ಲಿ ರೈತರು ಚೆಂಡುಹೂವನ್ನು ಎಕರೆಗಟ್ಟಲೆ ಬೆಳೆದು ಬಣ್ಣದ ಸತ್ತ್ವವನ್ನು ತೆಗೆಯುವ ಕಾರ್ಖಾನೆಗಳಿಗೆ ಮಾರುತ್ತಾರೆ. ಆ ಹೂವಿನಿಂದ ಲ್ಯೂಟೀನ್ ಎಂಬ ವಸ್ತುವು ದೊರೆಯುವುದು. ವೃದ್ಧಾಪ್ಯದಲ್ಲಿ ಕಣ್ಣಿನ ಒಳಪರದೆಯ ನಡುಭಾಗವು ಸವೆದು ದೃಷ್ಟಿಯು ಹೋಗುವ ರೋಗವೊಂದುಂಟು. ಅಮೆರಿಕದ ರಾಷ್ಟ್ರೀಯ ನೇತ್ರಸಂಸ್ಥೆಯ 2001ರ ಪರೀಕ್ಷೆಯಲ್ಲಿ, ಆ ರೋಗವು ಮಧ್ಯಮ ಸ್ಥಿತಿಯಲ್ಲಿದ್ದವರಿಗೆ ಸಿ, ಇ ಜೀವಸತ್ತ್ವಗಳು, ಬೀಟಾ ಕ್ಯಾರೋಟಿನ್, ಸತು ಇವುಗಳ ಯೋಗವನ್ನು ಕೊಡಲಾಗಿ, ರೋಗವು ಉಲ್ಬಣಿಸುವ ಸಂಭವವು ಸುಮಾರು ಶೇಕಡಾ 25ರಷ್ಟು ಇಳಿಯಿತು. ಬೀಟಾ ಕ್ಯಾರೋಟಿನ್ ಧೂಮಪಾನಿಗಳಿಗೆ ಕೇಡೆಂದು ಅದಾಗಲೇ ತಿಳಿದಿದ್ದುದರಿಂದ, 2013ರಲ್ಲಿ ಪ್ರಕಟವಾದ ಎರಡನೆಯ ಪರೀಕ್ಷೆಯ ಅನಂತರ ಅದರ ಸ್ಥಾನದಲ್ಲಿ 10 ಮಿಲಿಗ್ರಾಂ ಲ್ಯೂಟೀನನ್ನೂ 2 ಮಿಲಿಗ್ರಾಂ ಜಿಯಾಝಾಂಥಿನನ್ನೂ ಇರಿಸಿದರು. ಇಲ್ಲಿ ರೋಗವು ಇಂತಹುದೆಂದು ಗೊತ್ತು, ಅದರ ಹಂತವು ಗೊತ್ತು, ಪ್ರಮಾಣವು ಗೊತ್ತು, ವರ್ಷಗಟ್ಟಲೆ ಪರೀಕ್ಷೆಯು ನಡೆದಿದೆ, ಕೇಡು ಕಂಡೊಡನೆ ತಿದ್ದಿಕೊಂಡದ್ದೂ ಆಗಿದೆ. ಔಷಧವೆಂದರೆ ಇದು. ಇದೇ ಗುಳಿಗೆಯನ್ನು ಕಣ್ಣು ಚೆನ್ನಾಗಿರುವವನು ನುಂಗಿದರೆ ಆ ಲಾಭವು ಅವನಿಗಿಲ್ಲ.

ಆಯುರ್ವೇದವನ್ನು ಓದಿದವರಿಗೆ ಈ ಮಾತು ಹೊಸದಾಗಿ ತೋರಲಾರದು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ರಸಾಯನದ ಅಧ್ಯಾಯದಿಂದಲೇ ಆರಂಭವಾಗುವುದು. ನೆಲ್ಲಿ, ಅಳಲೆ ಮೊದಲಾದುವುಗಳ ಮಹಿಮೆಯೂ ಚ್ಯವನಪ್ರಾಶದ ವಿಧಿಯೂ ಅಲ್ಲಿವೆ. ಇಂದಿನ ವ್ಯಾಪಾರಿಗಳು ರಸಾಯನವೆಂದರೂ ಉತ್ಕರ್ಷಣ ನಿರೋಧಕವೆಂದರೂ ಒಂದೇ ಎಂದು ಸಾರುವರು. ಆದರೆ ಶಾಸ್ತ್ರದಲ್ಲಿ ರಸಾಯನವು ಎಲ್ಲರೂ ಎಲ್ಲ ಕಾಲದಲ್ಲಿಯೂ ನುಂಗತಕ್ಕ ವಸ್ತುವಲ್ಲ. ಮೊದಲು ದೇಹಶೋಧನೆ, ಬಳಿಕ ವಯಸ್ಸು, ಜಠರಾಗ್ನಿ, ಪ್ರಕೃತಿ ಇವುಗಳನ್ನು ನೋಡಿ ವೈದ್ಯನು ನಿರ್ಣಯಿಸಿದ ಮಾತ್ರೆ, ಅದರೊಡನೆ ಪಥ್ಯ. ಇದಲ್ಲದೆ ಆಚಾರರಸಾಯನವೆಂಬುದನ್ನೂ ಅಲ್ಲಿ ಹೇಳಿದೆ. ಸತ್ಯವನ್ನಾಡುವುದು, ಕೋಪವನ್ನು ಬಿಡುವುದು, ಮದ್ಯದಿಂದ ದೂರವಿರುವುದು, ನಿದ್ರೆ ಎಚ್ಚರಗಳಲ್ಲಿ ಸಮತೆಯನ್ನು ಕಾಯುವುದು, ದಾನ ಮಾಡುವುದು, ಇವೂ ರಸಾಯನಗಳೇ. ಇವನ್ನು ಡಬ್ಬಿಯಲ್ಲಿ ತುಂಬುವ ಯಂತ್ರವು ಇನ್ನೂ ಹುಟ್ಟಿಲ್ಲ. ಶಾಸ್ತ್ರದ ಹೆಸರನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿ, ಶಾಸ್ತ್ರದ ನಿಯಮವನ್ನು ಡಬ್ಬಿಯಿಂದ ಹೊರಗಿಡುವುದು ಶಾಸ್ತ್ರಗೌರವವಲ್ಲ.

ರಾಜಶಾಸನವೂ ಇದೇ ಭೇದವನ್ನು ಮಾಡಿದೆ. ಭಾರತದ ಆಹಾರ ಸುರಕ್ಷಾ ಪ್ರಾಧಿಕಾರವು 2016ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಆಹಾರಪೂರಕವೆಂದು ಮಾರುವ ಇಂತಹ ಡಬ್ಬಿಗಳ ಮೇಲೆ ಇದು ಔಷಧೀಯ ಬಳಕೆಗಲ್ಲ ಎಂಬರ್ಥದ ಮಾತು ಎದ್ದು ಕಾಣುವಂತಿರಬೇಕು. ಮುಂಭಾಗದ ದೊಡ್ಡ ಅಕ್ಷರಗಳನ್ನು ಓದುವವರು ಈ ಮಾತನ್ನೂ ಹುಡುಕಿ ಓದತಕ್ಕದ್ದು.

ಮಹಾಶಯರೇ, ಇಷ್ಟನ್ನೆಲ್ಲ ವಿಸ್ತರಿಸಿ ಹೇಳಿದುದು ಹಣದ ನಷ್ಟವನ್ನು ಕುರಿತು ಮಾತ್ರವಲ್ಲ. ಗಿಡಮೂಲಿಕೆಯ ಗುಳಿಗೆ ಇದೆಯಲ್ಲಾ ಎಂದು ಸಕ್ಕರೆಯ ಕಾಯಿಲೆಯ ಮದ್ದನ್ನು ಬಿಡುವವರುಂಟು. ಅರ್ಬುದ ರೋಗದ ಚಿಕಿತ್ಸೆಯ ನಡುವೆ ವೈದ್ಯರಿಗೆ ತಿಳಿಸದೆ ಇಂತಹ ಸತ್ತ್ವಗಳನ್ನು ಸೇವಿಸುವವರುಂಟು. ಆ ಚಿಕಿತ್ಸೆಗಳಲ್ಲಿ ಕೆಲವು, ಕೆಟ್ಟ ಜೀವಕೋಶಗಳನ್ನು ಕಿಡಿಗಳಿಂದಲೇ ಸುಡತಕ್ಕವು. ಅಲ್ಲಿ ಕಿಡಿಯನ್ನು ಆರಿಸಲು ಹೊರಡುವುದು ಮಿತ್ರನ ಕೈಯನ್ನು ಹಿಡಿದು ಶತ್ರುವನ್ನು ಬಿಟ್ಟಂತಾಗಬಹುದು. ಪ್ರಾಣವೇ ಪಣವಾಗಿರುವ ಸ್ಥಳವಿದು.

ಆದಕಾರಣ ಭಕ್ತರು ಮನಸ್ಸಿನಲ್ಲಿಡತಕ್ಕ ಮಾತುಗಳು ನಾಲ್ಕು. ಒಂದನೆಯದು: ವೈದ್ಯರು ಕೊಟ್ಟ ಮದ್ದನ್ನು ಇಂತಹ ಗುಳಿಗೆಯ ಭರವಸೆಯಿಂದ ಬಿಡಬಾರದು. ಎರಡನೆಯದು: ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಡಬ್ಬಿಗಳನ್ನೆಲ್ಲ ಜೊತೆಗೆ ಒಯ್ದು ತೋರಿಸಬೇಕು, ಗಿಡದ್ದೆಂದು ಮುಚ್ಚಿಡಬಾರದು. ಮೂರನೆಯದು: ಗುಳಿಗೆಯನ್ನು ಸೇವಿಸುವವರಿಗೆ ಕಣ್ಣು ಹಳದಿಯಾಗುವುದು, ಮೂತ್ರವು ಕಪ್ಪಾಗುವುದು, ಮೈ ತುರಿಸುವುದು, ಅನ್ನ ಸೇರದಿರುವುದು ಕಂಡರೆ, ಕೂಡಲೇ ಅದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ನಾಲ್ಕನೆಯದು: ಗರ್ಭಿಣಿಯರಿಗೂ ಮಕ್ಕಳಿಗೂ ವೈದ್ಯರ ಮಾತಿಲ್ಲದೆ ಇವನ್ನು ಕೊಡಬಾರದು.

ಹಾಗಾದರೆ ತುಕ್ಕಿಗೆ ಮದ್ದೇನು? ಬೆನ್ಸನ್ ಟೌನಿನಿಂದ ಶಿವಾಜಿನಗರದ ರಸಲ್ ಮಾರುಕಟ್ಟೆಯು ಬಹಳ ದೂರವಿಲ್ಲ. ದಂಟು, ಮೆಂತ್ಯ, ನುಗ್ಗೆಯ ಸೊಪ್ಪು, ನೆಲ್ಲಿ, ದಾಳಿಂಬೆ, ಸೀಬೆ, ಗಜ್ಜರಿ, ಇವೆಲ್ಲ ಅಂತಹ ಮಾರುಕಟ್ಟೆಯ ಬುಟ್ಟಿಗಳಲ್ಲಿ ದೊರೆಯುತ್ತವೆ. ದಿನವೊಂದಕ್ಕೆ 400 ಗ್ರಾಮಿಗೆ ಕಡಮೆಯಿಲ್ಲದಂತೆ ಹಣ್ಣು ತರಕಾರಿಗಳನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ಅವುಗಳಲ್ಲಿ ಒಂದು ಸತ್ತ್ವವಲ್ಲ, ನೂರಾರು ಸತ್ತ್ವಗಳು ನಾರಿನೊಡನೆಯೂ ನೀರಿನೊಡನೆಯೂ ಮಿತವಾಗಿ ಕೂಡಿವೆ. ಯಾವುದೊಂದೂ ಮೇರೆ ಮೀರಿಲ್ಲ. ಹೊಗೆಸೊಪ್ಪನ್ನು ಬಿಡುವುದು ಯಾವ ಗುಳಿಗೆಗಿಂತಲೂ ಮೇಲಾದ ನಿರೋಧಕವು. ಏಕೆಂದರೆ ಅದರ ಹೊಗೆಯು ಪ್ರತಿಯೊಂದು ಉಸಿರಿನಲ್ಲಿಯೂ ಕಿಡಿಗಳ ರಾಶಿಯನ್ನೇ ಒಳಕ್ಕೆ ತರುವುದು. ಅಂಗಡಿಯ ಡಬ್ಬಿಗೆ ತಿಂಗಳಿಗೆ ತೆರುವ ಹಣದಲ್ಲಿ ಸೊಪ್ಪು ಹಣ್ಣುಗಳನ್ನು ತಂದು, ಮನೆಯವರಿಗೂ ಬಡಿಸಿ ನೆರೆಯ ಬಡಮಕ್ಕಳಿಗೂ ಹಂಚಿದರೆ, ಒಂದೇ ಹಣಕ್ಕೆ ಆರೋಗ್ಯವೂ ದಾಸೋಹವೂ ಎರಡೂ ಆದಂತಾಯಿತು.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ನಾಣ್ಣುಡಿಯಲ್ಲಿ ಬಲ್ಲವನು ಎಂಬ ಪದವೇ ಮುಖ್ಯವಾದುದು. ಯಾವುದನ್ನು, ಎಷ್ಟು, ಯಾರಿಗೆ, ಯಾವಾಗ ಎಂಬ ನಾಲ್ಕನ್ನು ಬಲ್ಲವನಿಗೆ ಸೊಪ್ಪೂ ಮದ್ದಾಗುವುದು. ಬಲ್ಲದವನ ಕೈಯಲ್ಲಿ ಮದ್ದೂ ಕೇಡಾಗುವುದು. ಆ ಬಲ್ಮೆಯು ಸಕಲ ಭಕ್ತರಿಗೂ ಉಂಟಾಗಲಿ.